ದ್ರಾಕ್ಷಿ ಡಿಪಾರ್ಟ್‌ಮೆಂಟು

ಜೀವಮಾನದಲ್ಲಿ ಒಂದು ತೊಟ್ಟು ಕುಡಿಯದವಳ ಕೊರಳಿಗೇ ವೈನು ಯಾಕೆ ಸುತ್ತಿಕೊಳ್ಳಬೇಕೋ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ತೊಂಬತ್ತರ ದಶಕದ ನಡುವಿನ ಕೆಲವು ವರ್ಷ ಸಿಂಗಾಪುರದಲ್ಲಿ ನನ್ನ ಕಥೆ ಇದೇ ಆಗಿತ್ತು. ಒಂದು ಆಘಾತದಿಂದ ಚೇತರಿಸಿಕೊಂಡು ನೀರು ಕುಡಿಯುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲು ತಟ್ಟುತ್ತಿತ್ತು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಬರುತ್ತಿದ್ದದ್ದು ಬೆವರು.

೧. ಸಂದರ್ಶನ

ಮದುವೆಯಾಗಿ ಮೈಸೂರಿನಿಂದ ಬಂದ ಹೊಸತು. ನಮ್ಮನೆಯವರು ರಿಫೈನರಿಯಲ್ಲಿ ಎಂಜಿನಿಯರು. ಜುರಾಂಗ್ ಆಚೆಯ ದ್ವೀಪಕ್ಕೆ ಆಗಿನ್ನೂ ರಸ್ತೆ ಆಗಿರಲಿಲ್ಲ. ಬೆಳಗಾಗುವ ಮುಂಚೆ ಕಂಪನಿ ಬಸ್ಸು, ಆಮೇಲೆ ದೋಣಿ. ಅವರು ಅತ್ತ ಹೋದ ಮೇಲೆ ಟ್ಯಾಂಪಿನೀಸಿನ ಫ್ಲ್ಯಾಟಿನಲ್ಲಿ ನಾನು ಗೋಡೆ ನೋಡುತ್ತ ಕೂತಿರುತ್ತಿದ್ದೆ. ನೋಡಿ ನೋಡಿ ಸಾಕಾಗಿ, ಪೇಪರಿನಲ್ಲಿ ಯಾವುದೋ ಆಮದು ಕಂಪನಿಗೆ ಆಫೀಸ್ ಅಸಿಸ್ಟೆಂಟ್ ಬೇಕೆಂದಿದ್ದದ್ದನ್ನು ಕಂಡು ಅರ್ಜಿ ಹಾಕಿದೆ.

ಕಲ್ಲಾಂಗ್‌ನ ಒಂದು ಗೋಡೌನಿನ ಮೂಲೆಯಲ್ಲಿ ಆಫೀಸು. ಒಳಗೆ ಕಾಲಿಟ್ಟ ತಕ್ಷಣ ಕಂಡದ್ದು ಕೆಂಪು ಬಣ್ಣದ ಪುಟ್ಟ ದೇವರ ಗೂಡು, ಅದರ ಮುಂದೆ ಊದುಬತ್ತಿ, ಎರಡು ಕಿತ್ತಳೆ ಹಣ್ಣು. ದೈವಭಕ್ತರ ಕಂಪನಿ ಎಂದು ನೆಮ್ಮದಿಯಾಯಿತು. ಕೂತ ಮೇಲೆ ಬಾಸ್ ತಲೆಯ ಹಿಂದಿನ ಕಪಾಟು ಕಾಣಿಸಿತು. ನೆಲದಿಂದ ಸೂರಿನವರೆಗೆ ಬಾಟಲುಗಳು.

ಬಾಸ್ ಐವತ್ತು ದಾಟಿದ ಚೀನೀಯರು. ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ನೇರವಾಗಿ, "ನೀನು ಕುಡೀತೀಯಾ?" ಎಂದರು. ಹೆಣ್ಣುಮಗಳನ್ನು ಕೇಳುವ ಮಾತೇ ಇದು ಅಂತ ನನಗೆ ಪಿತ್ತ ನೆತ್ತಿಗೇರಿತು. ನಮ್ಮ ವಂಶದಲ್ಲೇ ಯಾರೂ ಅದನ್ನು ಮುಟ್ಟಿಲ್ಲ, ನಾನೂ ಮುಟ್ಟುವುದಿಲ್ಲ, ನಮಸ್ಕಾರ ಎಂದು ಹೇಳಿ ಫೈಲು ಎತ್ತಿಕೊಂಡು ಎದ್ದೇಬಿಟ್ಟೆ.

ಬಾಸ್ ಮುಖ ಅರಳಿತು. ಸೋಮವಾರದಿಂದಲೇ ಬಾ ಎಂದರು. ನನಗಿಂತ ಮುಂಚೆ ಇದ್ದ ಇಬ್ಬರೂ ದಿನಾ ಸಂಜೆಯ ಹೊತ್ತಿಗೆ ಕಪಾಟಿನ ಸಂದಿಯಲ್ಲಿ ಮಲಗಿರುತ್ತಿದ್ದರಂತೆ. ಒಂದು ಬಾಟಲೂ ಮಾರಾಟವಾಗದೆ ಸ್ಟಾಕು ಮಾತ್ರ ಕರಗುತ್ತಿತ್ತಂತೆ.

ಬಿ.ಕಾಂ.ನಲ್ಲಿ ಫಸ್ಟ್ ಕ್ಲಾಸ್ ಬರಲು ಮೂರು ವರ್ಷ ಕಷ್ಟಪಟ್ಟಿದ್ದೆ. ಆ ಸರ್ಟಿಫಿಕೇಟನ್ನು ಅವರು ಕೊನೆಗೂ ತೆರೆದು ನೋಡಲಿಲ್ಲ.

೨. ಉಗಿದರು

ನಮ್ಮ ಕಂಪನಿ ಮಾರುತ್ತಿದ್ದದ್ದು ಇಟಲಿಯ ಇರ್ಪೀನಿಯಾ ಎಂಬ ಕಡೆಯ ವೈನು. ನೇಪಲ್ಸ್‌ನಿಂದ ಒಳಕ್ಕೆ ಹೋದರೆ ಸಿಗುವ ಗುಡ್ಡಗಾಡು. ಚಾಮುಂಡಿ ಬೆಟ್ಟವನ್ನು ಒಂದರ ಹಿಂದೊಂದು ನಿಲ್ಲಿಸುತ್ತ ಹೋದ ಹಾಗೆ ಗುಡ್ಡಗಳು, ಅವುಗಳ ಮೈಮೇಲೆ ದ್ರಾಕ್ಷಿ, ಮೇಲ್ಗಡೆ ಕಾಡು, ಚಳಿಗಾಲದಲ್ಲಿ ಹಿಮ. ಇದೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿದ್ದು. ಹೆಸರುವಾಸಿ ಊರುಗಳ ವೈನನ್ನು ದೊಡ್ಡ ಕಂಪನಿಗಳು ಆಗಲೇ ಹಿಡಿದಿಟ್ಟುಕೊಂಡಿದ್ದವು. ನಮ್ಮ ಬಾಸ್ ಯಾವುದೋ ಮೇಳದಲ್ಲಿ ಇರ್ಪೀನಿಯಾದ ಒಬ್ಬ ಮುದುಕರ ಜೊತೆ ಊಟ ಮಾಡಿ, ಮನಸ್ಸು ಕರಗಿ, ಅವರ ತೋಟದ ವೈನು ತರಿಸಿಬಿಟ್ಟಿದ್ದರು. ಅದರ ಹೆಸರನ್ನು ಸಿಂಗಾಪುರದಲ್ಲಿ ಯಾರೂ ಕೇಳಿರಲಿಲ್ಲ.

ಹೆಸರು ಮಾಡಬೇಕೆಂದು ಒಂದು ಬೆಳಿಗ್ಗೆ ಬಾಸ್ ದೊಡ್ಡ ದೊಡ್ಡ ಹೋಟೆಲಿನವರನ್ನು ರುಚಿ ನೋಡಲು ಕರೆದರು. ಗ್ಲಾಸು ತೊಳೆದು ಜೋಡಿಸಿದ್ದು ನಾನು. ಎಲ್ಲರೂ ಸೂಟು ಬೂಟಿನವರು. ಮೊದಲನೆಯವರು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಬೆಳಿಗ್ಗೆ ಬಚ್ಚಲಲ್ಲಿ ಮಾಡುವ ಹಾಗೆ ಗಳಗಳ ಮಾಡಿ, ಬಕೆಟ್ಟಿಗೆ ಉಗಿದರು. ಎರಡನೆಯವರೂ ಉಗಿದರು. ಒಬ್ಬೊಬ್ಬರಾಗಿ ಬಂದವರೆಲ್ಲ ಅದೇ ಬಕೆಟ್ಟಿಗೆ, ಒಬ್ಬರ ಎಂಜಲಿನ ಮೇಲೆ ಇನ್ನೊಬ್ಬರು, ಯಾವ ನಾಚಿಕೆಯೂ ಇಲ್ಲದೆ.

ಅಷ್ಟೊಂದು ಜನರ ಬಾಯಿಗೆ ಸೇರದ ಮಾಲು ನಮ್ಮ ಗೋಡೌನಿನ ತುಂಬ ಇದೆಯಲ್ಲ ಎಂದು ನಾನು ಬಾಸ್ ಕಡೆ ನೋಡಿದೆ. ಬಾಸ್ ಅತಿಥಿಗಳ ಜೊತೆ ನಗುನಗುತ್ತ ಇದ್ದರು. ಪಾಪ, ಗೊತ್ತಾಗಿಲ್ಲ ಅಂದುಕೊಂಡೆ. ಕಂಪನಿಯ ಹಿತ ಕಾಯುವುದು ನನ್ನ ಧರ್ಮವೆಂದು ಒಳಗೆ ಹೋಗಿ ಇಟಲಿಗೆ ಒಂದು ಫ್ಯಾಕ್ಸ್ ಕಳಿಸಿದೆ. ನಿಮ್ಮ ವೈನನ್ನು ಇವತ್ತು ಎಲ್ಲರೂ ಉಗಿದುಬಿಟ್ಟರು, ದಯವಿಟ್ಟು ಮುಂದಿನ ಸಲವಾದರೂ ಒಳ್ಳೆಯದನ್ನು ಕಳಿಸಿ, ಇತಿ ವಿಶ್ವಾಸಿ ಎಂದು.

ಮಧ್ಯಾಹ್ನ ಬಾಸ್‌ಗೆ ವಿಷಯ ತಿಳಿದಾಗ ಅವರು ಕುರ್ಚಿಯಲ್ಲಿ ಕೂತಲ್ಲೇ ಬೆಳ್ಳಗಾದರು. ರುಚಿ ನೋಡುವವರು ಉಗಿಯುವುದೇ ಪದ್ಧತಿ, ನುಂಗಿದರೆ ಹತ್ತನೆಯ ಗ್ಲಾಸಿನ ಹೊತ್ತಿಗೆ ನೆಲದಲ್ಲಿರುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಸಂಜೆ ಆ ಮುದುಕರ ಉತ್ತರ ಬಂತು. ಬಾಸ್ ಗಟ್ಟಿಯಾಗಿ ಓದಿದರು: "ಬೆಳಿಗ್ಗೆ ಉಗಿದರೆ ವ್ಯಾಪಾರಿಗಳು. ಸಂಜೆ ಉಗಿದರೆ ಮಾತ್ರ ನನಗೆ ತಿಳಿಸಿ."

೩. ಮೂಗಿನ ಕೆಲಸ

ಕುಡಿಯದಿದ್ದರೂ ಮೂಸಬಹುದಲ್ಲ ಎಂದು ಬಾಸ್ ನನಗೆ ಹೊಸ ಕೆಲಸ ಹಚ್ಚಿದರು. ಗಿರಾಕಿಗಳಿಗೆ ಹಂಚುವ ಕಾಗದದಲ್ಲಿ ಯಾವ ವೈನು ಯಾವ ವಾಸನೆ ಅಂತ ಬರೆಯಬೇಕು. ಬೇರೆ ಕಂಪನಿಯವರ ಕಾಗದ ನೋಡಿದೆ. ಅದರಲ್ಲಿ ನಾನು ಹುಟ್ಟಿದಾಗಿನಿಂದ ಕಾಣದ ಹಣ್ಣುಗಳ ಹೆಸರೇ ತುಂಬಿತ್ತು. ನನಗೆ ಗೊತ್ತಿದ್ದ ವಾಸನೆಗಳನ್ನೇ ನಾನು ಬರೆದೆ. ಟೌರಾಸಿ ಅನ್ನುವ ಕೆಂಪು ವೈನಿಗೆ, ಹಳೇ ಹುಣಸೆಹಣ್ಣು, ಸೌದೆ ಒಲೆಯ ಹೊಗೆ, ಹೊಸ ಚಪ್ಪಲಿ ಅಂಗಡಿ. ಫಿಯಾನೋ ಅನ್ನುವ ಬಿಳಿಯದಕ್ಕೆ, ಒಗ್ಗರಣೆಗೆ ಮುಂಚೆ ಕಾದ ಬಾಣಲೆ, ಹುರಿದ ಕಡಲೆಕಾಯಿ.

ಬಾಸ್ ಅದನ್ನು ಓದಿ ಹಣೆ ಹಿಡಿದುಕೊಂಡರು. ಚಪ್ಪಲಿ ವಾಸನೆ ಅಂದರೆ ಯಾರು ಕೊಳ್ಳುತ್ತಾರೆ ಲಾ, ಎಂದು ಸಿಂಗಾಪುರದವರ ಬಾಲ ಸೇರಿಸಿ ಹೇಳಿದರು. ಆದರೆ ಅಷ್ಟರಲ್ಲಿ ಪ್ರಿಂಟಾಗಿ, ಒಂದು ಪ್ರತಿ ಇಟಲಿಗೂ ಹೋಗಿಬಿಟ್ಟಿತ್ತು. ಸರಿ, ಕೆಲಸ ಹೋಯಿತು ಅಂತಲೇ ನಾನು ಮೇಜಿನ ಡ್ರಾಯರು ಖಾಲಿ ಮಾಡತೊಡಗಿದೆ.

ಮುದುಕರ ಫ್ಯಾಕ್ಸ್ ಬಂತು. ಚಪ್ಪಲಿ ಅಂಗಡಿ ಸರಿಯಾಗಿದೆ, ಹೊಗೆಯೂ ಸರಿಯಾಗಿದೆ, ನನ್ನ ವೈನಿನ ಬಗ್ಗೆ ಸುಳ್ಳು ಹೇಳದ ಮೊದಲ ಮನುಷ್ಯ ಇವರೇ, ಇವರನ್ನು ನೋಡಬೇಕು ಎಂದಿತ್ತು. ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು: ಹುಣಸೆಹಣ್ಣು ಅಂದರೇನು, ನನ್ನ ತೋಟದೊಳಗೆ ಅದು ಹೇಗೆ ಬಂತು?

೪. ಅತ್ತೆ ಬಂದರು

ಆ ವರ್ಷ ದಸರೆಗೆ ನಮ್ಮತ್ತೆ ಮೈಸೂರಿನಿಂದ ಬಂದರು. ಮಾವ ವಿಮಾನಕ್ಕೆ ಹೆದರಿ ಊರಲ್ಲೇ ಉಳಿದರು. ಅತ್ತೆ ಬರುವ ಹಿಂದಿನ ದಿನ ನಾನು, ನಮ್ಮನೆಯವರು ಕೂತು ಒಂದು ತೀರ್ಮಾನ ಮಾಡಿದೆವು. ವೈನು ಎಂಬ ಶಬ್ದ ಮನೆಯಲ್ಲಿ ಏಳಕೂಡದು. ಅತ್ತೆ ಎಂದರೆ, ಕೆಮ್ಮಿನ ಔಷಧಿಯಲ್ಲೂ ಸಾರಾಯಿ ಇರುತ್ತದಂತೆ ಎಂದು ಮೂರು ವಾರ ಕೆಮ್ಮಿಕೊಂಡೇ ಇದ್ದ ಹೆಂಗಸು. ಸೊಸೆ ಹೆಂಡದಂಗಡಿಯಲ್ಲಿ ಗುಮಾಸ್ತೆ ಎಂದು ತಿಳಿದರೆ ಅವರು ಜಗಳ ಆಡುವುದಿಲ್ಲ. ಮಾತು ಬಿಡುತ್ತಾರೆ. ನನಗೆ ಅದೇ ಹೆದರಿಕೆ, ಏಕೆಂದರೆ ಅವರೆಂದರೆ ನನಗೆ ನಿಜಕ್ಕೂ ಪ್ರೀತಿ.

ಏರ್‌ಪೋರ್ಟಿನಿಂದ ಬರುವಾಗಲೇ ಕೇಳಿದರು. "ನಿಮ್ಮಾಫೀಸಲ್ಲಿ ಏನು ವ್ಯಾಪಾರನಮ್ಮ?"

"ದ್ರಾಕ್ಷಿ ಅತ್ತೆ," ಎಂದೆ. "ಇಟಲಿ ದ್ರಾಕ್ಷಿ. ನಾನು ದ್ರಾಕ್ಷಿ ಡಿಪಾರ್ಟ್‌ಮೆಂಟು."

ಅತ್ತೆಗೆ ಬಹಳ ಸಂತೋಷವಾಯಿತು. ಮಾರನೆಯ ದಿನದಿಂದ ಶುರುವಾಯಿತು ನೋಡಿ ನನ್ನ ಕಷ್ಟ. ಅಷ್ಟು ದೊಡ್ಡ ದ್ರಾಕ್ಷಿ ಕಂಪನಿಯಲ್ಲಿದ್ದೂ ನೈವೇದ್ಯಕ್ಕೆ ಒಂದು ಗೊಂಚಲು ತರುವುದಿಲ್ಲವಲ್ಲ ಎಂದು ಅವರು ಬೇಜಾರು ಮಾಡಿಕೊಂಡರು. ವೈನು ಮಾರಿ ಬಂದ ಸಂಬಳದಲ್ಲಿ, ದಿನಾ ಸಂಜೆ ಎಂಆರ್‌ಟಿ ರೈಲು ಇಳಿದು ದ್ರಾಕ್ಷಿ ಕೊಂಡುಕೊಂಡು ಮನೆಗೆ ಹೋಗತೊಡಗಿದೆ.

೫. ಮೆಟ್ಟಿಲು

ಅತ್ತೆ ಬಂದದ್ದು ಬರಿಗೈಯಲ್ಲಲ್ಲ. ನನ್ನ ಮದುವೆಯಲ್ಲಿ ಕೊಟ್ಟಿದ್ದ ಪಟ್ಟದ ಗೊಂಬೆಗಳನ್ನು ರೇಷ್ಮೆ ಸೀರೆಯಲ್ಲಿ ಸುತ್ತಿ ತಂದಿದ್ದರು. ಈ ಸಲ ಗೊಂಬೆ ಕೂರಿಸಲೇಬೇಕು. ಗೊಂಬೆ ಕೂರಿಸಲು ಮೆಟ್ಟಿಲು ಬೇಕು. ಮೂರಾದರೂ ಬೇಕು. ಫ್ಲ್ಯಾಟಿನಲ್ಲಿ ಇದ್ದದ್ದು ಒಂದು ಸ್ಟೂಲು.

ನನಗೆ ಗೋಡೌನಿನ ನೆನಪಾಯಿತು. ಮುದುಕರು ತಮ್ಮ ಒಳ್ಳೆಯ ವೈನನ್ನೆಲ್ಲ ಗಟ್ಟಿಮುಟ್ಟಾದ ಮರದ ಪೆಟ್ಟಿಗೆಯಲ್ಲಿ ಕಳಿಸುತ್ತಿದ್ದರು. ಖಾಲಿಯಾದವು ಒಂದು ಮೂಲೆಯಲ್ಲಿ ಬಿದ್ದಿರುತ್ತಿದ್ದವು. ಗೋಡೌನ್ ನೋಡಿಕೊಳ್ಳುತ್ತಿದ್ದ ಅಂಕಲ್‌ಗೆ ಹೇಳಿ, ಹದಿನೆಂಟು ಖಾಲಿ ಪೆಟ್ಟಿಗೆಗೆ ಮುಚ್ಚಳ ಹಾಕಿ ಮೊಳೆ ಹೊಡೆದು, ಮೈಮೇಲಿನ ಚೀಟಿ ಕಿತ್ತು ಮನೆಗೆ ಕಳಿಸಲು ಒಪ್ಪಿಸಿದೆ. ಬಾಸ್ ಕೂಡ ತಲೆಯಾಡಿಸಿದರು. ಅಷ್ಟು ಜಾಣತನ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.

ಪೆಟ್ಟಿಗೆ ಬಂದಾಗ ನಾನು ಆಫೀಸಿನಲ್ಲಿದ್ದೆ. ನಮ್ಮ ಬ್ಲಾಕಿನ ಲಿಫ್ಟು ಆಗ ಎಲ್ಲ ಮಹಡಿಯಲ್ಲೂ ನಿಲ್ಲುತ್ತಿರಲಿಲ್ಲ. ಲಾರಿಯವರು ಒಂದು ಮಹಡಿ ಹೊತ್ತು ಇಳಿಸಿ, ಏದುಸಿರು ಬಿಡುತ್ತ ನಿಂತರಂತೆ. ಅತ್ತೆ ಕನಿಕರಪಟ್ಟು ಮಜ್ಜಿಗೆ ಕೊಟ್ಟು, ಅವರ ಕೈಯಲ್ಲೇ ಮೂರು ಮೆಟ್ಟಿಲಾಗಿ ಜೋಡಿಸಿಕೊಂಡಿದ್ದರು. ನಾನು ಬರುವಷ್ಟರಲ್ಲಿ ಮೇಲೆ ಬಿಳಿ ಪಂಚೆ ಹಾಸಿ, ಪಟ್ಟದ ರಾಜ ರಾಣಿಯನ್ನು ತುದಿಯಲ್ಲಿ ಕೂರಿಸಿ, ಅವರ ಕೆಳಗೆ ಊರಿಂದಲೇ ತಂದ ಶ್ರೀರಾಮ ಪಟ್ಟಾಭಿಷೇಕದ ಗೊಂಬೆಗಳನ್ನು ಜೋಡಿಸಿ ಆಗಿತ್ತು. ಕೆಳಗಿನ ಮೆಟ್ಟಿಲಿಗೆ ಸಿಂಗಾಪುರದ ಗುರುತಾದ, ಸಿಂಹದ ತಲೆ ಮೀನಿನ ಮೈಯ ಮರ್ಲಯನ್ ಗೊಂಬೆಯೂ ಬಂದಿತ್ತು. ಎಲ್ಲವೂ ಏಸಿ ಇರುವ ಕೋಣೆಯಲ್ಲಿ, ಏಕೆಂದರೆ ಬಂದ ದಿನದಿಂದ ಅತ್ತೆ ಆ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ, ಏಸಿ ಆರಿಸಿಯೂ ಇರಲಿಲ್ಲ.

"ಎಂಥ ಗಟ್ಟಿ ಮರ ಕಣೇ," ಎಂದರು. "ನಮ್ಮೂರಲ್ಲಿ ತೇಗವೂ ಇಷ್ಟು ಭಾರ ಇರಲ್ಲ."

ನಾನೂ ಹೌದು ಅತ್ತೆ, ಇಟಲಿ ಮರ ಎಂದೆ.

೬. ಆಯುಧ ಪೂಜೆ

ಇರ್ಪೀನಿಯಾದ ಮುದುಕರು ಅದೇ ವಾರ ಸಿಂಗಾಪುರಕ್ಕೆ ಬಂದಿಳಿದರು. ಅವರ ದ್ರಾಕ್ಷಿ ತಡವಾಗಿ ಮಾಗುವ ಜಾತಿಯಂತೆ. ಕೊಯ್ಲಿಗೆ ಇನ್ನೂ ಸಮಯವಿತ್ತು. ಒಂದು ದೊಡ್ಡ ಹೋಟೆಲಿನಲ್ಲಿ ಅವರ ವೈನಿನ ಔತಣ. ಅದು ಚೆನ್ನಾಗಿ ನಡೆದರೆ ಹೋಟೆಲಿನವರು ಖಾಯಂ ಗಿರಾಕಿ. ನಡೆಯದಿದ್ದರೆ ಇಟಲಿ ವ್ಯವಹಾರವನ್ನೇ ಮುಚ್ಚುತ್ತೇನೆ ಎಂದು ಬಾಸ್ ಹೇಳಿಬಿಟ್ಟಿದ್ದರು. ಮುಚ್ಚಿದರೆ ನನ್ನ ಕೆಲಸವೂ ಮುಚ್ಚಿಹೋಗುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಔತಣ ಬಿದ್ದದ್ದು ಆಯುಧ ಪೂಜೆಯ ದಿನ. ನಾನು ಅರ್ಧ ದಿನ ರಜೆ ಹಾಕಿದ್ದೆ, ನಮ್ಮನೆಯವರೂ ರಜೆ ಹಾಕಿದ್ದರು.

ಬೆಳಿಗ್ಗೆ ಅತ್ತೆ ಫ್ರಿಜ್ಜಿಗೆ, ಮಿಕ್ಸಿಗೆ, ಮಗನ ಸ್ಪ್ಯಾನರಿಗೆ ಕುಂಕುಮವಿಟ್ಟು ಪೂಜೆ ನಡೆಸಿದ್ದರು. ಫೋನು ಬಂತು. ಬಾಸ್. ಅವರ ಧ್ವನಿ ಸಣ್ಣಗಾಗಿತ್ತು. ಹೋಟೆಲಿನವರು ಪೆಟ್ಟಿಗೆ ಬಿಚ್ಚಿದ್ದಾರೆ, ಹದಿನೆಂಟು ಪೆಟ್ಟಿಗೆಯಲ್ಲೂ ಗಾಳಿ ಇದೆ ಎಂದರು.

ನಾನು ನಿಂತಲ್ಲಿಂದಲೇ ಗೊಂಬೆ ಮೆಟ್ಟಿಲ ಕಡೆ ನೋಡಿದೆ. ಹೋಗಿ ಪಂಚೆಯ ಮೇಲಿಂದಲೇ ಒಂದು ಪೆಟ್ಟಿಗೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿದೆ. ಟೊಳ್ಳು ಸದ್ದು ಬರಲಿಲ್ಲ. ಒಳಗಿನಿಂದ ಗಾಜು ಕಿಣಿ ಎಂದಿತು. ಔತಣಕ್ಕೆಂದು ತೆಗೆದಿಟ್ಟ ಪೆಟ್ಟಿಗೆಗಳೂ ಹದಿನೆಂಟೇ; ಮುಚ್ಚಳ ಮುಚ್ಚಿದ ಮೇಲೆ ಎರಡು ರಾಶಿಯೂ ಒಂದೇ ಥರ ಕಂಡು, ಅಂಕಲ್ ತುಂಬಿದ ರಾಶಿಯ ಚೀಟಿಯನ್ನೇ ಕಿತ್ತಿದ್ದರು. ತುಂಬಿದ್ದು ಟ್ಯಾಂಪಿನೀಸಿಗೆ ಬಂದಿತ್ತು, ಖಾಲಿಯದು ಹೋಟೆಲಿಗೆ ಹೋಗಿತ್ತು. ಒಂದು ವಾರದಿಂದ ನಮ್ಮ ಮನೆಯಲ್ಲಿ ಶ್ರೀರಾಮ ಪಟ್ಟಾಭಿಷೇಕ ನಡೆಯುತ್ತಿದ್ದದ್ದು ವೈನಿನ ಮೇಲೆ.

ನಮ್ಮನೆಯವರು ಪಿಸುಗುಟ್ಟಿದರು. "ಪೆಟ್ಟಿಗೆಗೆ ಆರು ಬಾಟ್ಲು. ಹದಿನೆಂಟಾರಲ ಎಷ್ಟಾಯ್ತು? ಸರಿಯಾಗಿ ನೂರೆಂಟು ಬಾಟ್ಲು ಕಣೇ. ಅಷ್ಟೋತ್ತರ."

ನನಗೆ ಅವರನ್ನು ಹೊಡೆಯಬೇಕೆನಿಸಿತು. ವಿಜಯದಶಮಿ ಕಳೆಯದೆ ಗೊಂಬೆಗಳನ್ನು ಅಲುಗಿಸುವಂತಿಲ್ಲ. ಔತಣ ಇವತ್ತೇ ಸಂಜೆ. ಬಾಸ್‌ಗೆ ಫೋನಿನಲ್ಲಿ ನಿಜ ಹೇಳಿದೆ. ಗಂಟೆಯೊಳಗೆ ಬಾಸ್, ಆ ಮುದುಕರು, ಕಪ್ಪು ಕೋಟಿನ ಇಬ್ಬರು ಹೋಟೆಲ್ ವೇಟರುಗಳು, ಎಲ್ಲರೂ ವ್ಯಾನಿನಲ್ಲಿ ಬಂದೇಬಿಟ್ಟರು. ಬಾಸ್ ಚಪ್ಪಲಿ ಬಿಟ್ಟು ಒಳಗೆ ಬಂದರು. ಬಿಸಿಲಿಗೆ ವೈನು ಕೆಟ್ಟೇಹೋಗಿರುತ್ತದೆ ಎಂದು ಹೆದರಿದ್ದವರು, ಕೋಣೆಯ ತಂಪಿಗೆ ಬೆಚ್ಚಿ, ನನ್ನ ಗೋಡೌನಿಗಿಂತ ಚೆನ್ನಾಗಿದೆ ಎಂದರು. ಆಮೇಲೆ ತಲೆ ಎತ್ತಿ ದೇವರುಗಳ ಸಾಲು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. "ಕೆಳಗಿರೋದು ನನ್ನದು. ಮೇಲಿರೋರು ದೇವರು. ನಾನು ಮುಟ್ಟಲ್ಲ ಲಾ," ಎಂದು ಕೈಕಟ್ಟಿ ನಿಂತರು.

ಮುದುಕರು ಟೋಪಿ ತೆಗೆದರು. ಅವರಿಗೆ ಬರುತ್ತಿದ್ದ ನಾಲ್ಕು ಇಂಗ್ಲಿಷ್ ಮಾತಿನಲ್ಲಿ ಹೇಳಿದ್ದು ಇಷ್ಟು. ಅವರ ಮನೆಯಲ್ಲೂ ಕ್ರಿಸ್‌ಮಸ್ಸಿಗೆ ಹೆಂಡತಿ ಹೀಗೇ ಗೊಂಬೆ ಜೋಡಿಸುತ್ತಾಳೆ, ಯೇಸುವಿನ ಪಕ್ಕದಲ್ಲಿ ಬ್ರೆಡ್ಡಿನವನು, ಮೀನಿನವನು ಎಲ್ಲರನ್ನೂ ನಿಲ್ಲಿಸುತ್ತಾಳೆ, ಹಬ್ಬ ಮುಗಿಯುವ ಮುಂಚೆ ಒಂದು ಕುರಿಯನ್ನು ಸರಿಸಿದರೂ ಗಂಡನಿಗೆ ಊಟವಿಲ್ಲ. ಆದ್ದರಿಂದ ಇದನ್ನು ಯಾರೂ ಮುಟ್ಟಬೇಡಿ, ವೈನು ಹೋದರೆ ಹೋಗಲಿ ಎಂದು ಕುರ್ಚಿಯಲ್ಲಿ ಕೂತುಬಿಟ್ಟರು. ಅವರ ಕಣ್ಣು ಮಾತ್ರ ಪಂಚೆಯ ಕೆಳಗಿನ ಪೆಟ್ಟಿಗೆಗಳನ್ನೇ ನೋಡುತ್ತಿತ್ತು. ಒಂದು ವರ್ಷದ ಬೆಳೆಯಲ್ಲಿ ಆರಿಸಿದ್ದೆಲ್ಲ ಅಲ್ಲಿತ್ತು.

ಅತ್ತೆ ಮಂಗಳಾರತಿ ತಟ್ಟೆ ಹಿಡಿದು ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು. ಕೊನೆಗೆ ನನ್ನನ್ನು. "ಪೆಟ್ಟಿಗೆಯೊಳಗೆ ಏನಿದೆಯಮ್ಮ?"

ಸುಳ್ಳು ಹೇಳುವ ಶಕ್ತಿ ನನಗೆ ಉಳಿದಿರಲಿಲ್ಲ. "ದ್ರಾಕ್ಷಿಯೇ ಅತ್ತೆ. ಆದ್ರೆ… ವೈನು."

ಅತ್ತೆ ಮೆಟ್ಟಿಲು ನೋಡಿದರು, ರಾಜ ರಾಣಿಯನ್ನು ನೋಡಿದರು, ಕೂತ ಮುದುಕರನ್ನು ನೋಡಿದರು. ನೀನು ಕುಡಿಯುತ್ತೀಯಾ ಎಂದು ಕೇಳಿದರು. ಇಲ್ಲ ಅತ್ತೆ, ಮೂಸುತ್ತೇನೆ ಅಷ್ಟೆ ಎಂದೆ. ಇದೇ ನಿನ್ನ ಸಂಬಳವಾ ಎಂದರು. ಹೌದು ಎಂದೆ. ಅಳು ಬಂದೇಬಿಟ್ಟಿತ್ತು.

ಅತ್ತೆ ಸೆರಗು ಸಿಕ್ಕಿಸಿಕೊಂಡರು. "ಮೊದಲೇ ಹೇಳ್ಬಾರ್ದಾ? ಬೆಳಿಗ್ಗೆಯಿಂದ ಎಲ್ಲರ ಆಯುಧಕ್ಕೂ ಪೂಜೆ ಆಯ್ತು, ನಿನ್ನದೇ ಬಾಕಿ ಉಳೀತು. ಗೊಂಬೆ ಅಲುಗಿಸದ ಹಾಗೆ ಆಚೆ ತೆಗೀರಿ. ಒಂದೊಂದಕ್ಕೂ ಕುಂಕುಮ ಇಟ್ಟು ಕೊಡ್ತೀನಿ."

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ. ನಮ್ಮನೆಯವರು ಪೂಜೆಯಾದ ಸ್ಪ್ಯಾನರು, ಸ್ಕ್ರೂಡ್ರೈವರು ಹಿಡಿದು, ಟಾರ್ಚು ಬಿಟ್ಟು, ಯಾವ ಹಲಗೆ ಭಾರ ಹೊತ್ತಿದೆ ಯಾವುದು ಹೊತ್ತಿಲ್ಲ ಎಂದು ರಿಫೈನರಿಯ ಗಾಂಭೀರ್ಯದಲ್ಲಿ ಅಪ್ಪಣೆ ಕೊಟ್ಟರು. ಕಪ್ಪು ಕೋಟಿನವರು ನೆಲದಲ್ಲಿ ಬೋರಲು ಮಲಗಿ, ಮುಂಗಡೆಯ ಹಲಗೆ ಬಿಚ್ಚಿ, ರಾಮ ಸೀತೆಯರ ಕಾಲಡಿಯಿಂದ ಬಾಟಲು ಎಳೆದರು. ಬಾಸ್ ಮೇಲಿನ ಗೊಂಬೆಗಳು ಅಲುಗುತ್ತವೋ ಎಂದು ನೋಡುತ್ತ ಕೈಮುಗಿದೇ ನಿಂತಿದ್ದರು. ಆ ಹೊತ್ತಿಗೇ ಬ್ಲಾಕಿನ ಕನ್ನಡದ ಆಂಟಿಯರು ಅರಿಶಿನ ಕುಂಕುಮಕ್ಕೆ ಬಂದರು. ಅತ್ತೆ ಒಂದಿಷ್ಟೂ ಗಲಿಬಿಲಿಯಾಗದೆ, ಬನ್ನಿ ಬನ್ನಿ, ಸೊಸೆ ಆಫೀಸಿನ ಪೂಜೆ ಎಂದು ಕೂರಿಸಿ, ಎಲ್ಲರಿಗೂ ಕಡಲೆ ಉಸಲಿ ಕೊಟ್ಟರು. ಮುದುಕರು ಎರಡು ಸಲ ಹಾಕಿಸಿಕೊಂಡರು.

ಹಿಂದಿನ ಸಾಲಿನ ಕೆಳಗಿನ ಪೆಟ್ಟಿಗೆಗಳಿಗೆ ಕೈ ಎಟುಕಲಿಲ್ಲ. ಔತಣಕ್ಕೆ ಬೇಕಾದಷ್ಟು ಸಿಕ್ಕಿತು. ಪ್ರತಿ ಬಾಟಲಿನ ಕೊರಳಿಗೂ ಅರಿಶಿನದ ಮೇಲೊಂದು ಕುಂಕುಮದ ಬೊಟ್ಟು. ವ್ಯಾನು ಹೊರಟ ಮೇಲೆ ನಾನು ಬಿಚ್ಚಿದ ಹಲಗೆಗಳನ್ನು ಮೂಲೆಗೆ ಸರಿಸಿದೆ. ಅತ್ತೆ ಆಂಟಿಯರಿಗೆ ಹೇಳುತ್ತಿದ್ದರು, ಇಟಲಿ ಮರ, ಒಳಗೆ ಟೊಳ್ಳು ಮಾಡಿದರೂ ಅಲುಗಲಿಲ್ಲ ನೋಡಿ ಎಂದು.

೭. ಬೊಟ್ಟು

ಮುಗಿಯಿತು ಅಂದುಕೊಂಡು ಸೀರೆ ಬದಲಾಯಿಸುವಷ್ಟರಲ್ಲಿ ಹೋಟೆಲಿನಿಂದ ಮತ್ತೆ ಬಾಸ್ ಫೋನು. ಆ ಕೆಂಪು ಪುಡಿ ತಗೊಂಡು ಟ್ಯಾಕ್ಸಿ ಹತ್ತು ಎಂದರು. ಯಾಕೆ ಎಂದು ಕೇಳುವ ಧೈರ್ಯವಾಗಲಿಲ್ಲ. ಕುಂಕುಮದ ಭರಣಿಯನ್ನು ಬ್ಯಾಗಿಗೆ ಹಾಕಿಕೊಂಡು ಓಡಿದೆ.

ಹೋಟೆಲಿನಲ್ಲಿ ಆದದ್ದು ಇಷ್ಟು. ಮೊದಲ ಮೇಜಿನವರು ಬೊಟ್ಟು ನೋಡಿ ಏನಿದು ಎಂದು ಕೇಳಿದ್ದಾರೆ. ಮುದುಕರು ಎದ್ದು ನಿಂತು, ಇದು ಮನೆಯ ಯಜಮಾನಿ ತಾನೇ ಕೈಯಾರೆ ಹರಸಿದ ವೈನು ಎಂದಿದ್ದಾರೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಬಿಳಿ ವೈನನ್ನು ಐಸಿನ ಬಕೆಟ್ಟಿನಲ್ಲಿಟ್ಟಿದ್ದರಿಂದ ಅದರ ಬೊಟ್ಟು ನೀರಲ್ಲಿ ತೊಳೆದುಹೋಗಿತ್ತು. ಹಿಂದಿನ ಮೇಜಿನವರು, ನಮ್ಮ ಬಾಟಲಿಗೆ ಯಾಕೆ ಚುಕ್ಕೆ ಇಲ್ಲ, ಇದು ಅಸಲಿ ಅಲ್ಲ ಎಂದು ವಾಪಸು ಕಳಿಸಿದ್ದರು.

ಆ ರಾತ್ರಿಯ ಊಟ ಮುಗಿಯುವವರೆಗೆ, ಬಿಳಿ ಟೊಪ್ಪಿಯ ಅಡುಗೆಯವರ ನಡುವೆ ರೇಷ್ಮೆ ಸೀರೆ ಉಟ್ಟು ನಿಂತು, ನಾನು ವೈನಿನ ಬಾಟಲುಗಳನ್ನು ಒರೆಸಿ ಒರೆಸಿ ಕುಂಕುಮವಿಟ್ಟೆ. ಸಂಜೆ ಯಾರೂ ಉಗಿಯಲಿಲ್ಲ ಎಂದು ಮುದುಕರು ಬಂದು ಹೇಳಿಹೋದರು.

ಮಾರನೆಯ ವಾರ ಬಾಸ್ ನನ್ನನ್ನು ಒಳಗೆ ಕರೆದರು. ಹೋಟೆಲಿನವರು ಒಪ್ಪಿದ್ದಾರೆ, ಆದರೆ ಚುಕ್ಕೆ ಇರುವ ಬಾಟಲೇ ಬೇಕಂತೆ ಎಂದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. "ನಿನ್ನ ಅತ್ತೆಯ ವೀಸಾ ಎಲ್ಲಿವರೆಗಿದೆ?"

ನಾನು ಹೆದರುತ್ತಲೇ ಮನೆಗೆ ಬಂದು ಕೇಳಿದೆ. ಅತ್ತೆ, ಮಡಿಯಲ್ಲೇ ಇಡುತ್ತೇನೆ, ಕುಂಕುಮ ಮೈಸೂರಿನದೇ ಆಗಬೇಕು, ವೈನಿನ ಹನಿ ಕೈಗೆ ತಾಗಬಾರದು ಎಂದು ಷರತ್ತು ಹಾಕಿ ಒಪ್ಪಿದರು. ಊರಿಗೆ ಹೋಗುವವರೆಗೂ ಏಸಿ ಕೋಣೆಯಲ್ಲಿ ಪೆಟ್ಟಿಗೆಗಳ ನಡುವೆ ಕೂತು, ಸ್ತೋತ್ರ ಹೇಳಿಕೊಳ್ಳುತ್ತ, ಇರ್ಪೀನಿಯಾದ ವೈನಿಗೆ ಬೊಟ್ಟಿಟ್ಟರು.

ಮುಂದಿನ ವರ್ಷ ನಾವು ಮೈಸೂರಿಗೆ ಹೋದಾಗ ಒಂದು ಮದುವೆಮನೆಯಲ್ಲಿ ಅತ್ತೆಯ ಅಕ್ಕ ಎಲ್ಲರೆದುರು ಕೇಳಿದರು, ಅಲ್ಲಿ ಅಷ್ಟು ತಿಂಗಳು ಹೊತ್ತು ಹೇಗೆ ಕಳೆದೆ ಎಂದು. ನಾನು ಪಾಯಸದ ಲೋಟ ಕೆಳಗಿಟ್ಟೆ. ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಹೊತ್ತೆಲ್ಲಿತ್ತಕ್ಕ, ಸೊಸೆ ಆಫೀಸಲ್ಲೇ ಕೆಲಸ ಮಾಡ್ತಿದ್ದೆ," ಎಂದರು. "ದ್ರಾಕ್ಷಿ ಡಿಪಾರ್ಟ್‌ಮೆಂಟು."